ಅಡ್ಡ ಬಂದ ಬಲೆ

"ಹರ್ದದ್ದಲ್ಲ ಇದ್. ಕಾಣ್, ಕೊಯ್ದದ್," ಎಂದು ಅಮ್ಮಣಿ ಬಲೆಯ ಅಂಚನ್ನು ಸುಂದರನ ಮೂಗಿನ ಹತ್ತಿರವೇ ಹಿಡಿದಳು. ಕಲ್ಲಿಗೆ ಸಿಕ್ಕಿ ಹರಿದ ಬಲೆಯಾದರೆ ನೂಲು ಎಳೆ ಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ಇಲ್ಲಿ ಒಂದೊಂದು ಬಲೆಗಣ್ಣಿನ ನೂಲೂ ಬ್ಲೇಡು ಹಾಕಿದ ಹಾಗೆ ನುಣ್ಣಗೆ ತುಂಡಾಗಿತ್ತು. "ಹೌದಲ್ದಾ," ಎಂದ ಸುಂದರ. ಬೇರೆ ಏನು ಹೇಳಿಯಾನು ಪಾಪ, ಕೊಯ್ದವನು ಅವನೇ.

ಕೊಡೇರಿಯ ದಂಡೆಯಲ್ಲಿ ಯಾರ ಬಲೆ ಕೆಟ್ಟರೂ ಬಿಡುವಿದ್ದವರು ಸೂಜಿ ಹಿಡಿದು ಬಂದು ಕೂರುವುದು ವಾಡಿಕೆ. ಸುಂದರನಂತೂ ಪಕ್ಕದ ಮನೆಯವನು. ತಾಯಿ ಸತ್ತ ವರ್ಷ ಇದೇ ಅಮ್ಮಣಿಯ ಕೈಯ ಗಂಜಿ ಉಂಡವನು. ಬಾರದಿದ್ದರೆ ಜನ ಏನೆಂದಾರು? ಬೆಳಗಿನಿಂದ ತಾನು ಕೊಯ್ದ ಕಣ್ಣುಗಳನ್ನು ತಾನೇ ಕಟ್ಟುತ್ತಾ ಕೂತಿದ್ದ.

ಮೊನ್ನೆ ಆದದ್ದಾದರೂ ಏನು? ಅವನು ದುಡಿಯುವ ದೊಡ್ಡ ಬೋಟು ಬಂಗುಡೆ ಮೀನಿನ ಹಿಂಡಿನ ಬೆನ್ನು ಹತ್ತಿತ್ತು. ದಾರಿಗೆ ಅಡ್ಡ ಯಾರದೋ ಸಣ್ಣ ದೋಣಿಯ ಬಲೆ. ಸುತ್ತು ಹಾಕಿ ಹೋಗಬಹುದಿತ್ತು. ಬೋಟು ನಡೆಸುವ ತಾಂಡೇಲ ರಾಜೇಂದ್ರ ಚಾ ಕೇಳುವ ದನಿಯಲ್ಲಿ, "ಸುಂದ್ರ, ಅದನ್ನ್ ಕೊಯ್ ಕಾಂಬ," ಎಂದ. ಸುಂದರ ಸಾರಿಗೆ ನೀರುಳ್ಳಿ ಹೆಚ್ಚುತ್ತಿದ್ದ. ಚೂರಿ ಕೈಯಲ್ಲೇ ಇತ್ತು. ಬಗ್ಗಿ ಕೊಯ್ದ. ಆಮೇಲೆ ಬಂದು ಉಳಿದ ನೀರುಳ್ಳಿ ಹೆಚ್ಚಿದ. ಸಾರು ಚೆನ್ನಾಗಿತ್ತೆಂದು ಎರಡು ಸಲ ಬಡಿಸಿಕೊಂಡು ಉಂಡಿದ್ದ ಬೇರೆ!

ಗುರುತಿಗೆಂದು ಬಲೆ ತೇಲಿಸುವ ಬೆಂಡಿಗೆ ಕಟ್ಟಿದ್ದ ಅಮ್ಮಣಿಯ ಹಳದಿ ಸೀರೆಯ ತುಂಡು ಈಗ ಅವನ ಮೊಣಕಾಲ ಮೇಲೆಯೇ ಬಿದ್ದಿತ್ತು. ಅಂದು ಇದನ್ನು ಕಂಡಿದ್ದೆನೇ? ಕಂಡೂ ಕೊಯ್ದೆನೇ? ಎಷ್ಟು ನೆನೆದರೂ ಕಣ್ಣಿಗೆ ಹತ್ತಿದ ನೀರುಳ್ಳಿಯ ಉರಿ ಮಾತ್ರ ನೆನಪಾಗುತ್ತಿತ್ತು. ತಪ್ಪನ್ನು ತಾಂಡೇಲನ ಮೇಲೆ ಹಾಕೋಣವೆಂದರೆ ಅವನೇನು ಕುತ್ತಿಗೆ ಹಿಡಿದಿರಲಿಲ್ಲ. "ಸುತ್ತ್ ಹಾಕಿ ಹೋಪ" ಎಂದು ಒಂದು ಮಾತು ಹೇಳಿದ್ದರೆ ಕೇಳುತ್ತಿದ್ದನೋ ಏನೋ. ಆ ಮಾತು ಬಾಯಿಗೇ ಬರಲಿಲ್ಲವಲ್ಲ, ಯಾಕೆ? ಸುಂದರನಿಗೆ ತಲೆ ಕೆಟ್ಟು ಹೋಗಿತ್ತು.

"ನಮ್ಮನಿಯವ್ರ್ ಗ್ವಾಡಿ ಬದಿ ಮುಖ ಹಾಕಿ ಮನ್ಕಂಡಿರ್. ದೋಣಿ ಮಾರ್ತೆ ಅಂತ್ರ್," ಎಂದಳು ಅಮ್ಮಣಿ. ಗಂಡ ಗುಡ್ಡನ ವಿಷಯ ಹೇಳಿ ನೂಲನ್ನು ಹಲ್ಲಿನಲ್ಲಿ ಕಡಿದಳು. "ಬಲೆ ಹೋದ್ದ್ ಹೋಯ್ತ್. ಇನ್ನೊಂದ್ ಕಟ್ಟುಕಾತ್ತ್. ನಂಗ್ ಇದೊಂದ್ ತಿಳಿತಿಲ್ಲ ಸುಂದ್ರ. ಅವ ಯಾರೇ ಆಯ್ಲಿ, ನಮ್ಮ್ ಮೇಲ್ ಅವಂಗ್ ಎಂಥಾ ಸಿಟ್ಟ್ ಇದ್ದಿತ್ತ್?"

"ಸಿಟ್ಟ್ ಎಂತದೂ ಇರ್ಲಿಲ್ಲ ಅಮ್ಮಣಕ್ಕ."

ಸಮಾಧಾನಕ್ಕೆಂದು ಹೊರಟ ಮಾತು. ದೇವರಾಣೆಗೂ ನಿಜವಾದ ಮಾತು.

ಅಮ್ಮಣಿಯ ಸೂಜಿ ನಿಂತಿತು. "ನಿಂಗ್ ಹ್ಯಾಂಗ್ ಗೊತ್ತ್?"

ಸುಮ್ಮನೆ ಹೇಳಿದೆ ಎಂದಿದ್ದರೂ ಮುಗಿಯುತ್ತಿತ್ತು. ಸುಂದರನ ಕೈ ತನ್ನಷ್ಟಕ್ಕೆ ಇನ್ನೊಂದು ಕಣ್ಣು ಕಟ್ಟಿತು.

ಅಮ್ಮಣಿ ಅವನ ಮುಖವನ್ನೇ ನೋಡುತ್ತಾ ಕೂತಳು. ಆಮೇಲೆ ಅವನ ತೊಡೆಯ ಮೇಲಿದ್ದ ಬಲೆಯನ್ನು ಸ್ವಲ್ಪ ಸ್ವಲ್ಪವಾಗಿ ತನ್ನ ಕಡೆಗೆ ಎಳೆದುಕೊಂಡಳು. ಹಳದಿ ತುಂಡೂ ಅದರ ಜೊತೆಗೇ ಹೋಯಿತು. ಸುಂದರ ನೂಲು ತುಂಬಿದ ಸೂಜಿಯನ್ನು ಹಿಡಿದುಕೊಂಡು ಅಲ್ಲೇ ಕೂತಿದ್ದ.