ಭಾವನ ಬೀಗ

ನಮ್ಮ ಭಾವನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಬೀಗ ರಿಪೇರಿ ಅವರ ಕಸುಬು. ಕಂಡವರ ಬೀಗ ತೆಗೆದು ತೆಗೆದು, ತಾವು ಮಾಡಿದ್ದು ಬಿಟ್ಟರೆ ಬೇರಾವುದೂ ಅವರಿಗೆ ಬೀಗವಾಗಿಯೇ ಕಾಣುತ್ತಿರಲಿಲ್ಲ.

ಕಡಲ ಗುಹೆ ನೋಡಿ, ಅದರಾಚೆ ಬಂಡೆಗಳ ನಡುವಿನ ಕೊಳದಲ್ಲಿ ಈಜಲು ಅಮ್ಮ, ಅಕ್ಕ, ಭಾವ, ನಾನು ನಾಲ್ವರೂ ಹೋಗಿದ್ದೆವು. ಅಮ್ಮನ ಕಿವಿಯಲ್ಲಿ ಹೊಸ ಯಂತ್ರಗಳಿದ್ದವು. ಕಿವಿ ಮಂದವಾಯಿತೆಂದು, ಅವಳು ಕೆಲಸಕ್ಕಿದ್ದ ಆಸ್ಪತ್ರೆಯವರು ಅವಳನ್ನು ವಿಚಾರಣೆ ಕೌಂಟರಿನಿಂದ ಎಬ್ಬಿಸಿ ಉಗ್ರಾಣಕ್ಕೆ ಹಾಕಿದ್ದರು. ಯಂತ್ರ ಬಂದ ಮೇಲೆ, ಸೋಮವಾರದಿಂದ ಕೌಂಟರಿಗೆ ಬನ್ನಿ ಎಂದಿದ್ದರು.

ಪ್ರವೇಶದಲ್ಲೇ ಲಾಕರುಗಳಿದ್ದವು. ನಾವು ಈಜುಬಟ್ಟೆ ಹಾಕಿ ಬರುವಷ್ಟರಲ್ಲಿ ಭಾವ ಅಕ್ಕನ ಹೇರ್‌ಪಿನ್ ತೆಗೆದುಕೊಂಡು, ಕಾವಲಿನವನ ಎದುರೇ ಒಂದನ್ನು ತೆರೆದು ತೋರಿಸಿದರು.

“ನೋಡಿದ್ಯಾ? ಇದನ್ನ ನಂಬಬೇಕಂತೆ.”

“ಸಾರ್, ಮುಂದೆ ನಡೀರಿ,” ಎಂದ ಅವನು.

ಫೋನು, ಬಟ್ಟೆ ಎಲ್ಲ ಒಂದೇ ಬ್ಯಾಗಿಗೆ ಹೋದವು. ಗುಹೆಯಲ್ಲಿ ಬಗ್ಗಿ ನಡೆದೆವು. ಭಾವ ಎರಡು ಸಲ ತಲೆ ಚಚ್ಚಿಕೊಂಡು ಬಂಡೆಯನ್ನೇ ಬೈದರು. ಅಮ್ಮ ಮಾತ್ರ ನಿಂತುಬಿಟ್ಟಳು. “ನೀರು ತೊಟ್ಟಿಕ್ಕೋದು ಕೇಳಿಸ್ತಿದೆ ಕಣೇ! ಆ ಮೂಲೇಲಿ!”

ಕೊಳಕ್ಕಿಳಿಯುವ ಮುಂಚೆ ಅವಳು ಯಂತ್ರಗಳನ್ನು ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟಳು. ಭಾವ ಅದನ್ನು ಇಸಿದುಕೊಂಡು ಬ್ಯಾಗಿಗೆ ತುರುಕಿ, ಬ್ಯಾಗನ್ನು ಗುಹೆಯೊಳಗಿನ ಕಬ್ಬಿಣದ ಕಂಬಿಗೆ ಸರಪಳಿಯಿಂದ ಸುತ್ತಿ, ತಮ್ಮ ಬೀಗ ಒತ್ತಿದರು. ಕಂಬಿಯ ಮೇಲೇ ಬೋರ್ಡಿತ್ತು: ಮಧ್ಯಾಹ್ನದ ನಂತರ ಗುಹೆಗೆ ನೀರು ನುಗ್ಗುತ್ತದೆ.

“ಭಾವ, ಬೋರ್ಡ್ ಓದಿ.”

“ಓದ್ದೆ ಕಣಮ್ಮ. ಹಾಗಾದ್ರೆ ಕಳ್ಳನೂ ಬರಲ್ಲ ಅಂತ ಆಯ್ತಲ್ಲ.”

“ಅವರ ಹತ್ರ ಯಾಕೆ ತಲೆ ಚಚ್ಕೋತೀಯ,” ಎಂದಳು ಅಕ್ಕ. “ನಾನೇ ಬಿಟ್ಟುಬಿಟ್ಟಿದೀನಿ.”

ಸ್ವಲ್ಪ ಹೊತ್ತಿನಲ್ಲೇ ನೀರಿನಿಂದ ಏಳುವುದೆಂದು ಮಾತಾಗಿತ್ತು. ಭಾವ ಬಂಡೆಯಿಂದ ಹಾರುವುದನ್ನು ಕಲಿಯುತ್ತಿದ್ದರು. “ಇನ್ನೊಂದೇ ಸಲ!” ಮತ್ತೆ ಹೊಟ್ಟೆ ಮೇಲೆ ಬಿದ್ದರು. ಅಮ್ಮ ಕೊಳದ ನಡುವೆ ಅಂಗಾತ ತೇಲುತ್ತಿದ್ದಳು. ಮಧ್ಯಾಹ್ನವಾಯಿತು ಎಂದು ಕೂಗಿ ಕೂಗಿ ನನ್ನ ಗಂಟಲು ಹರಿಯಿತೇ ಹೊರತು ಅವಳು ತಿರುಗಲಿಲ್ಲ.

ಅಲೆಯೊಂದು ಬಂಡೆ ದಾಟಿ ಗುಹೆಗೆ ನುಗ್ಗಿತು. ಭಾವ ಓಡಿಹೋಗಿ ಬೀಗ ಹಿಡಿದರು. ಚಡ್ಡಿ ತಡವಿಕೊಂಡರು. ಬೀಗದ ಕೈ ಪ್ಯಾಂಟಿನ ಜೇಬಿನಲ್ಲಿತ್ತು. ಪ್ಯಾಂಟು ಬ್ಯಾಗಿನಲ್ಲಿತ್ತು.

“ರೀ, ತಗೊಳ್ಳಿ ಪಿನ್ನು!” ಅಕ್ಕ ಜಡೆಯಿಂದ ಕಿತ್ತು ಚಾಚಿದಳು.

“ಪಿನ್ನಿಗೆಲ್ಲ ಬಗ್ಗೋ ಬೀಗ ಅಲ್ಲ ಕಣೇ ಇದು. ನಾನೇ ಮಾಡಿದ್ದು,” ಎಂದರು ಭಾವ. ಸೊಂಟದವರೆಗೆ ನೀರಿತ್ತು. ಆಗಲೂ ಆ ದನಿಯಲ್ಲಿ ಹೆಮ್ಮೆಯಿತ್ತು.

ಜಿಪ್ ಇದ್ದ ಕಡೆಯನ್ನೂ ಸರಪಳಿ ಬಿಗಿಯಾಗಿ ಸುತ್ತಿತ್ತು. ನಾನು ಬೆರಳು ತೂರಿಸಿ ಎಳೆಯುತ್ತಿದ್ದೆ. ಸೀಟಿ ಊದುತ್ತ ಬಂದ ಕಾವಲಿನವನು ಅಮ್ಮನನ್ನೂ ನಮ್ಮನ್ನೂ ರಟ್ಟೆ ಹಿಡಿದು ಬಂಡೆಯ ಮೇಲಿನ ಮೆಟ್ಟಿಲಿಗೆ ದಬ್ಬಿದ.

ಸಂಜೆ ನೀರಿಳಿದ ಮೇಲೆ ಹೋಗಿ ನೋಡಿದೆವು. ಸರಪಳಿಯಿತ್ತು, ಬೀಗವಿತ್ತು, ಬ್ಯಾಗಿನ ಹರಿದ ಪಟ್ಟಿಯಿತ್ತು. ಭಾವ ಬೀಗ ಎಳೆದು ನೋಡಿ, “ಒಂಚೂರೂ ಜಗ್ಗಿಲ್ಲ ನೋಡು,” ಎಂದರು.

ಅಮ್ಮ ನನ್ನತ್ತ ಕೈ ಚಾಚಿದಳು. “ಡಬ್ಬಿ ಕೊಡೇ. ನೀವೇನು ಅಂತಿದೀರೋ ಒಂದೂ ತಿಳೀತಿಲ್ಲ.”

ಹೋದದ್ದು: ನಾಲ್ಕು ಫೋನು, ನಾಲ್ವರ ಬಟ್ಟೆ, ಒಂದು ಬ್ಯಾಗು, ಎರಡು ಕಿವಿಯಂತ್ರ, ಒಂದು ಕೌಂಟರು.