ಹದಿನಾಲ್ಕು ಸೊನ್ನೆ

"ಸೇತುವೆ ಹತ್ರ ನಿಮ್ಮ ನೀಲಿ ಬಸ್ಸು ಲಾರಿಗೆ ಗುದ್ದಿದೆ ಮಾವ. ಇಬ್ಬರು ಹೋದ್ರಂತೆ," ಎಂದು ಪಂಕ್ಚರ್ ಅಂಗಡಿಯವನು ಫೋನಿನಲ್ಲಿ ಹೇಳಿದಾಗ, ಡಿಪೋದಲ್ಲಿ ಕೀಲಿಕೈ ಕೊಡುವ ಮಾವನ ಬಾಯಲ್ಲಿದ್ದ ಚಹಾ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಯಾವ ನಂಬರು?"

"ಮುಂದಿನ ಭಾಗ ಪೂರ್ತಿ ಅಪ್ಪಚ್ಚಿ. ಪೊಲೀಸರು ಹತ್ರಕ್ಕೂ ಬಿಡ್ತಿಲ್ಲ."

ಆ ಹೊತ್ತಿಗೆ ಸೇತುವೆ ದಾಟುವ ಬಸ್ಸುಗಳು ಎರಡೇ: ನಾಲ್ಕು ಮತ್ತು ಒಂಬತ್ತು. ಒಂಬತ್ತನ್ನು ಓಡಿಸುವವನು ಮಾವನ ಖಾಸಾ ಅಳಿಯ. ಅಳಿಯನ ಬೆನ್ನ ಹಿಂದಿನ ಸೀಟಿನಲ್ಲಿ, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂರುವವಳು ಮಗಳು. ಆಚೆ ದಡದ ಶಾಲೆಯ ಟೀಚರು. ಈ ಅಳಿಯ 'ಮಾವ' ಎಂದು ಕರೆದದ್ದೇ ನೆಪವಾಗಿ ಡಿಪೋದ ಡ್ರೈವರುಗಳಿಗೆಲ್ಲ ಇವನು ಮಾವನಾಗಿದ್ದ. ಒಬ್ಬಳೇ ಮಗಳು, ಹದಿನಾಲ್ಕು ಜನ ಅಳಿಯಂದಿರು.

ಕೀಲಿಕೈ ಕೊಡುವ ಮುಂಚೆ ಪ್ರತಿ ಡ್ರೈವರೂ ಕುಡಿದದ್ದು ಪತ್ತೆಹಚ್ಚುವ ಯಂತ್ರಕ್ಕೆ ಊದಬೇಕು, ಸೊನ್ನೆಯ ಚೀಟಿ ಬರಬೇಕು ಎಂದು ಕಾನೂನು. ಕೆಂಪು ಅಂಕಿ ಬಂತೋ, ಲೈಸೆನ್ಸು ಆರು ತಿಂಗಳು ಅಮಾನತು. ಮೊದಲ ವಾರ ಮಾವ ಯಮನಂತೆ ಕೂತು ಎಲ್ಲರನ್ನೂ ಊದಿಸಿದ. ಆದರೆ ಇದ್ದದ್ದು ಒಂದೇ ಯಂತ್ರ. ಹೊರಗೆ ಪ್ರಯಾಣಿಕರು ಬಸ್ಸಿನ ತಗಡಿಗೆ ಬಡಿಯುತ್ತಿದ್ದರು. "ಹೋಗ್ರಪ್ಪಾ, ನಿಮ್ಮ ಪಾಲಿಂದೂ ನಾನೇ ಊದ್ತೀನಿ," ಎಂದುಬಿಟ್ಟ. ಎಂಥ ಎದೆ ಅದು! ಮನಸ್ಸು ಮಾಡಿ ಊದಿದರೆ ಎಂಜಿನ್ ಕೆಟ್ಟ ಬಸ್ಸೂ ಏರು ಹತ್ತಬೇಕು. ಜನ್ಮದಲ್ಲಿ ಕೆಮ್ಮಿನ ಔಷಧಿಗೂ ಆ ಗಂಟಲಿಳಿಯುವ ಧೈರ್ಯವಾಗಿರಲಿಲ್ಲ. ವರ್ಷದಿಂದ ಅವನ ಮುಖ ಕಂಡರೇ ಸಾಕು, ಯಂತ್ರ ಸೊನ್ನೆ ಕಕ್ಕುತ್ತಿತ್ತು.

ಈ ಬೆಳಿಗ್ಗೆ ಅಳಿಯ ಬಾಯ್ತುಂಬ ಲವಂಗ ಅಗಿಯುತ್ತ ಬಂದಿದ್ದ.

"ನಿನ್ನೆ ಗೆಳೆಯನ ಮನೇಲಿ ಸ್ವಲ್ಪ ತಡ ಆಯ್ತು ಮಾವ."

"ತಡ ಸ್ವಲ್ಪಾನೋ, ಗುಂಡು ಸ್ವಲ್ಪಾನೋ?"

"ಲೈಸೆನ್ಸ್ ಹೋದ್ರೆ ನಿಮ್ಮ ಮಗಳ ಜೊತೆ ನಾನೂ ನಿಮ್ಮ ಮನೆಗೇ ಬರ್ತೀನಿ. ಇಬ್ಬರನ್ನೂ ಸಾಕಿ."

ಇಬ್ಬರೂ ನಕ್ಕಿದ್ದರು. ಮಾವ ಊದಿದ್ದ. ಸೊನ್ನೆ.

ಈಗ ಮಗಳ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಅಳಿಯನದು ಸ್ವಿಚ್ ಆಫ್. ಮಾವನ ಎದೆ ಹೊಡೆದುಕೊಂಡ ರಭಸಕ್ಕೆ ಕೀಲಿಕೈ ತೂಗುಹಾಕುವ ಹಲಗೆಯ ಹದಿನಾಲ್ಕು ಮೊಳೆಗಳೂ ಅದುರಿರಬೇಕು. ಗೋಡೆ ಗಡಿಯಾರದ ಒಂದು ನಿಮಿಷ ಮುಗಿಯುವಷ್ಟರಲ್ಲಿ ಅವನ ವಯಸ್ಸಿಗೆ ಇನ್ನೂ ನಲವತ್ತು ವರ್ಷ ಕೂಡಿತು. ಮೇಜಿನ ಮೇಲಿನ ಚೀಟಿಗಳಿಂದ ಹದಿನಾಲ್ಕು ಸೊನ್ನೆಗಳು ಕಣ್ಣುಬಿಟ್ಟು ಅವನನ್ನೇ ನೋಡುತ್ತಿದ್ದವು.

"ನಾಲ್ಕಾಗಿರ್ಲಿ," ಎಂದ, ತನಗೇ ಕೇಳುವಂತೆ. "ದೇವರೇ, ನಾಲ್ಕಾಗಿರ್ಲಿ." ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಆಡಿದ ಮಾತು ಆಗಲೇ ಬಾಗಿಲು ದಾಟಿಯಾಗಿತ್ತು.

ಅರ್ಧ ಗಂಟೆಯ ಮೇಲೆ ಅಂಗಳಕ್ಕೆ ಒಂಬತ್ತು ಬಂತು. ಮೊದಲು ಮಗಳು ಇಳಿದಳು, ಕೈಯಲ್ಲಿ ಡಬ್ಬಿ.

"ದಾರಿ ಬಂದ್ ಮಾಡಿದ್ದಾರೆ ಅಪ್ಪಾ. ಫೋನು ಬ್ಯಾಗಲ್ಲಿತ್ತು, ಕೇಳಿಸ್ಲೇ ಇಲ್ಲ. ಯಾಕೆ ಹೀಗೆ ಬೆವರಿದ್ದೀರಿ?"

ಮಾವ ಅವಳ ತಲೆ ಮುಟ್ಟಿದ, ಭುಜ ಮುಟ್ಟಿದ, ಡಬ್ಬಿಯನ್ನೂ ಮುಟ್ಟಿದ. ಸ್ಟೂಲಿನ ಮೇಲೆ ಕುಸಿದ.

ಅಳಿಯ ಒಳಗೆ ಬಂದ. ಮುಖ ಬಿಳಿಚಿಕೊಂಡಿತ್ತು. "ನಾಲ್ಕು, ಮಾವ. ಡ್ರೈವರಣ್ಣನೂ ಉಳೀಲಿಲ್ಲ. ಕುಡಿದಿದ್ನಾ ಅಂತ ಎಲ್ಲರೂ ಕೇಳ್ತಿದ್ದಾರೆ. ಬೆಳಿಗ್ಗೆ ಹೇಗಿದ್ದ?"

ಮಾವ ನೆನಪಿಸಿಕೊಂಡ. ಕಿಟಕಿಯಿಂದ ಒಳಗೆ ಚಾಚಿದ ಒಂದು ಕೈ ನೆನಪಾಯಿತು, ಉಗುರಿನ ಗ್ರೀಸು ನೆನಪಾಯಿತು. ಮುಖ ಬರಲಿಲ್ಲ. ತಲೆಯೆತ್ತಿ ನೋಡಿರಲೇ ಇಲ್ಲ.

ಫೋನು ಮತ್ತೆ ಹೊಡೆದುಕೊಂಡಿತು. ಅವನು ಎತ್ತಲಿಲ್ಲ. ಯಂತ್ರಕ್ಕೆ ಹೊಸ ಕೊಳವೆ ಸಿಕ್ಕಿಸಿ ಅಳಿಯನ ಮುಂದೆ ಹಿಡಿದ.

"ಊದು."

"ಈಗ್ಯಾಕೆ ಮಾವ? ಟ್ರಿಪ್ ಮುಗೀತಲ್ಲ."

"ಊದಪ್ಪಾ."

ಅಳಿಯ ಹೆಂಡತಿಯ ಕಡೆ ನೋಡಿದ. ಅವಳು ಯಂತ್ರವನ್ನೇ ನೋಡುತ್ತಿದ್ದಳು. ಅವನು ಊದಿದ. ಅಂಕಿ ಕೆಂಪಗೆ ಹತ್ತಿಕೊಂಡಿತು.

ಮಾವ ಅವನ ಕೈಯಿಂದ ಕೀಲಿಕೈ ತೆಗೆದುಕೊಂಡು ಒಂಬತ್ತರ ಮೊಳೆಗೆ ತೂಗುಹಾಕಿದ. ಅದು ತೂಗಾಡಿ ತೂಗಾಡಿ ನಿಂತಿತು. ನಾಲ್ಕರ ಮೊಳೆ ಖಾಲಿಯಿತ್ತು.