ನಕ್ಷೆಯಲ್ಲಿದ್ದ ಹಾಗೆ

ನಮ್ಮ ಮನೆಯ ಮಲಗುವ ಕೋಣೆಯಲ್ಲಿ ಮಲಗಿರುವುದು ಲೋಹ ಕಡೆಯುವ ಲೇತ್ ಯಂತ್ರ ಒಂದೇ. ಮಂಚ ಹಜಾರಕ್ಕೆ ಬಂದು ಎಷ್ಟೋ ವರ್ಷವಾಯಿತು. ನನ್ನ ಬೀರು ಅಡುಗೆಮನೆಯ ಬಾಗಿಲ ಪಕ್ಕ ನಿಂತಿದೆ, ಉಟ್ಟ ಬಟ್ಟೆಗೆಲ್ಲ ಕರಿದ ಎಣ್ಣೆಯ ವಾಸನೆ. ನನ್ನ ಗಂಡ ಆ ಕೋಣೆಯಲ್ಲಿ ಕೂತು ಆಟದ ದೋಣಿಗಳಿಗೆ ಬೇಕಾದ ಹಿತ್ತಾಳೆ ಸಾಮಾನು ಮಾಡುತ್ತಾರೆ. ಆಟದ ದೋಣಿ ಅಂದರೆ ಅವರಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ, ಮಾದರಿ ದೋಣಿ ಅನ್ನಬೇಕು. ಹೆಬ್ಬೆರಳಗಲದ ಪ್ರೊಪೆಲ್ಲರ್, ಅದರ ದಂಡ, ಚುಕ್ಕಾಣಿ, ಹಗ್ಗ ಬಿಗಿಯುವ ಗೂಟ, ಅಕ್ಕಿಕಾಳಿನಷ್ಟು ಕೊಕ್ಕೆ, ಯಾರು ಯಾವ ಅಳತೆ ಕೇಳಿದರೆ ಆ ಅಳತೆಗೆ. ಕೆರೆಯ ದಡದಲ್ಲಿ ರಿಮೋಟ್ ಹಿಡಿದು ದೋಣಿ ಓಡಿಸುವ ನರೆಗೂದಲಿನ ಗಂಡಸರು ಈ ಲೋಕದಲ್ಲಿ ಇಷ್ಟೊಂದು ಇದ್ದಾರೆಂದು ಮದುವೆಗೆ ಮುಂಚೆ ನನಗೆ ಗೊತ್ತಿರಲಿಲ್ಲ.

ಬೆಸುಗೆ, ಪಾಲಿಶ್, ಫೋಟೊ ತೆಗೆಯುವುದು, ಡಬ್ಬಿ ಕಟ್ಟುವುದು, ಫೋನಿನಲ್ಲಿ ಗಿರಾಕಿಗಳನ್ನು ಸಂಭಾಳಿಸುವುದು ನನ್ನ ಪಾಲು. ನನ್ನ ಅಣ್ಣನ ಮಕ್ಕಳು ಇವರನ್ನು ಮೈಕ್ರಾನ್ ಮಾಮ ಎಂದು ಕರೆಯುತ್ತಾರೆ. ಇವರು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಾರೆ.

ಮೊದಮೊದಲು ಇವರಿಗೆ ಒಂದು ಚಾಳಿಯಿತ್ತು. ಗಿರಾಕಿ ಕಳಿಸಿದ ನಕ್ಷೆಯಲ್ಲಿ ತಪ್ಪು ಕಂಡರೆ ತಕ್ಷಣ ಫೋನು ಮಾಡಿ ಪಾಠ ಶುರು ಮಾಡುತ್ತಿದ್ದರು. ಎರಡನೇ ವಾಕ್ಯಕ್ಕೇ ಆ ಕಡೆಯವರ ಧ್ವನಿ ಬಿಗಿಯಾಗುತ್ತಿತ್ತು, ಮೂರನೆಯದಕ್ಕೆ ಆರ್ಡರು ಹೋಗುತ್ತಿತ್ತು. ಕೊನೆಗೆ ನಾನೇ ಹೇಳಿದೆ: "ರೀ, ತಪ್ಪು ಕಂಡ್ರೆ ಸುಮ್ನೆ ಸರಿ ಮಾಡಿ ಕಳ್ಸಿ. ಬಾಯಿ ಬಿಡ್ಬೇಡಿ. ಅವ್ರಿಗೂ ಸಂತೋಷ, ನಮ್ಗೂ ಸಂತೋಷ." ಅಲ್ಲಿಂದ ಮುಂದೆ ಇದೇ ನಮ್ಮ ಪದ್ಧತಿ. ಎಲ್ಲ ಗಿರಾಕಿಗಳೂ ತಮ್ಮ ನಕ್ಷೆ ಕರಾರುವಾಕ್ಕಾಗಿತ್ತೆಂದು ನಂಬಿ ಹಿಗ್ಗುತ್ತಿದ್ದರು. ನಮ್ಮ ಹೆಸರೂ ಹಬ್ಬಿತು.

ಕ್ಯಾಪ್ಟನ್ ಬಂದದ್ದು ಹೀಗೆ ಹಬ್ಬಿದ ಹೆಸರನ್ನು ಕೇಳಿಯೇ. ಕ್ಯಾಪ್ಟನ್ ಎಂಬುದು ನಾವಿಟ್ಟ ಹೆಸರು. ಹಿಂದೆ ಹೊಳೆ ದಾಟಿಸುವ ಲಾಂಚು ನಡೆಸುತ್ತಿದ್ದರಂತೆ. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಕೂತರೂ ನಿಂತಂತೆ ಕಾಣುವ ಬೆನ್ನು. ಮಡಿಕೆಗಳಲ್ಲಿ ಹರಿಯಲು ಬಂದಿದ್ದ ಹಳೆಯ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿದರು. ಅದು ಅವರ ಲಾಂಚಿನ ಚುಕ್ಕಾಣಿಯದು.

"ಇದರ ಹತ್ತನೇ ಒಂದು ಪಾಲಿಗೆ ಮಾಡ್ಕೊಡಿ. ನಕ್ಷೆಯಲ್ಲಿದ್ದ ಹಾಗೇ ಇರ್ಬೇಕು. ಒಂದು ಕೂದಲೂ ಆಚೀಚೆ ಆಗ್ಬಾರ್ದು."

ಇದನ್ನು ಹೇಳದ ಗಿರಾಕಿಯೇ ಇಲ್ಲ. ಇವರು ಎಂದಿನಂತೆ ತಲೆ ಅಲ್ಲಾಡಿಸಿದರು.

"ಯಾವುದಕ್ಕೆ ಸಾರ್?" ಎಂದೆ.

"ಒಂದು ವಿಷಯ ನೋಡ್ಬೇಕಮ್ಮ, ಅಷ್ಟೆ," ಎಂದು ಅವರು ಮಾತು ಮುಗಿಸಿದರು.

ಆ ವಾರ ಇವರು ನಕ್ಷೆಯ ಮೇಲೆ ಬಗ್ಗಿದವರು ಒಮ್ಮೆ ನನ್ನನ್ನು ಕರೆದರು. ಚುಕ್ಕಾಣಿಯ ನೆತ್ತಿಯ ಮೇಲೆ ಒಂದು ತೋಳಿರುತ್ತದೆ. ಅದನ್ನು ಎಳೆದರೆ ಚುಕ್ಕಾಣಿ ತಿರುಗುತ್ತದೆ. ತೀರಾ ಹೆಚ್ಚು ತಿರುಗದಿರಲೆಂದು ಎರಡೂ ಕಡೆ ಒಂದೊಂದು ತಡೆಗೂಟ ಇರುತ್ತದೆ, ತೋಳು ಅದಕ್ಕೆ ತಾಗಿ ನಿಲ್ಲಬೇಕು.

"ನೋಡೆ ಇಲ್ಲಿ. ಎಡಗಡೆ ಗೂಟ ಗಿಡ್ಡ ಬರ್ದಿದಾನೆ. ಜೋರಾಗಿ ಎಳೆದ್ರೆ ತೋಳು ಗೂಟದ ಮೇಲೆ ಹತ್ತಿ ಆಚೆ ಬೀಳುತ್ತೆ. ಬಿದ್ರೆ ವಾಪಸ್ ಬರಲ್ಲ. ಯಾವ ಮಹಾನುಭಾವ ಬರ್ದಿದ್ದೋ!"

"ಸರಿ ಮಾಡಿ, ಸುಮ್ನಿರಿ," ಎಂದು ನಾನು ಸೌಟು ಹಿಡಿದುಕೊಂಡೇ ಹೇಳಿ ಒಲೆಯ ಕಡೆ ಹೋದೆ.

ಇವರು ಗೂಟವನ್ನು ಒಂದಿಷ್ಟು ಎತ್ತರಿಸಿದರು. ನಾನು ಬೆಸೆದು, ಫಳಫಳ ಹೊಳೆಯುವಂತೆ ಉಜ್ಜಿ ಡಬ್ಬಿಗೆ ಹಾಕಿದೆ. ಕ್ಯಾಪ್ಟನ್ ಬಂದು ತೆಗೆದುಕೊಂಡು ಹೋದರು.

ತಿಂಗಳು ಕಳೆದಿರಬೇಕು, ಒಂದು ಬೆಳಿಗ್ಗೆ ಅವರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಮುಖದಲ್ಲಿ ಏನೋ ಸಡಿಲವಾಗಿತ್ತು, ಅಂಗಿಗೆ ಇಸ್ತ್ರಿ ಇರಲಿಲ್ಲ. ಕೈಯಲ್ಲಿ ಹಣ್ಣಿನ ಚೀಲ. ಇವರ ಎರಡೂ ಕೈ ಹಿಡಿದುಕೊಂಡು ಕೋಣೆಯ ಸ್ಟೂಲಿನ ಮೇಲೆ ಕೂತರು.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಅವತ್ತು ಹೇಳಿರ್ಲಿಲ್ಲ, ಇವತ್ತು ಹೇಳ್ತೀನಿ."

ಅವರು ಹೇಳಿದ್ದು ಇಷ್ಟು. ಹತ್ತು ವರ್ಷದ ಹಿಂದೆ ಒಂದು ಸಂಜೆ ಅವರ ಲಾಂಚು ಎಡಕ್ಕೆ ಎಳೆದುಕೊಂಡು ಹೋಗಿ ದಡದ ಕಟ್ಟೆಗೆ ಗುದ್ದಿತು. ಮುಂದುಗಡೆ ನಿಂತಿದ್ದವರು ಅವರ ಹೆಂಡತಿಯ ತಮ್ಮ. ಲಾಂಚಿಗೂ ಕಟ್ಟೆಗೂ ನಡುವೆ ಸಿಕ್ಕಿ ಆತನ ಒಂದು ಕಾಲು ಹೋಯಿತು. ಚುಕ್ಕಾಣಿ ಎಡಕ್ಕೆ ಸಿಕ್ಕಿಹಾಕಿಕೊಂಡಿತು, ವಾಪಸ್ ಬರಲೇ ಇಲ್ಲ ಎಂದು ಕ್ಯಾಪ್ಟನ್ ವಿಚಾರಣೆಯಲ್ಲಿ ಹೇಳಿದರು. ಯಾರೂ ನಂಬಲಿಲ್ಲ. ಲಾಂಚನ್ನು ಅಷ್ಟರಲ್ಲಿ ಗುಜರಿಗೆ ಹಾಕಿಯಾಗಿತ್ತು. ಭಾವಮೈದ ಆಸ್ಪತ್ರೆಯ ಮಂಚದ ಮೇಲೆ ಒಂದೇ ಮಾತು ಕೇಳಿದ್ದ: ನನ್ನಿಂದ ತಪ್ಪಾಯ್ತು ಅಂತ ಹೇಳಿ ಭಾವ, ಸಾಕು. ಮಾಡದ ತಪ್ಪನ್ನು ಹೇಗೆ ಒಪ್ಪಿಕೊಳ್ಳುವುದು ಎಂದು ಕ್ಯಾಪ್ಟನ್ ಬೆನ್ನು ಸೆಟೆಸಿ ಕೂತರು. ಅಲ್ಲಿಂದ ಎರಡು ಮನೆಗೂ ಮಾತಿಲ್ಲ. ಗಂಡ, ತಮ್ಮ ಇಬ್ಬರ ನಡುವೆ ಸಿಕ್ಕಿ ಹೆಂಡತಿ ಒಳಗೊಳಗೇ ಕೊರಗಿದಳು.

"ಚುಕ್ಕಾಣಿ ಸಿಕ್ಕಿಕೊಂಡಿದ್ದು ನಿಜವೇ, ಅಥವಾ ಗಾಬರಿಯಲ್ಲಿ ನಾನೇ ಅದನ್ನ ವಾಪಸ್ ತಿರುಗಿಸ್ಲಿಲ್ವೋ? ಇಷ್ಟು ವರ್ಷ ಆದ್ಮೇಲೆ ನನಗೇ ಅನುಮಾನ ಶುರುವಾಯ್ತು. ಅದಕ್ಕೇ ನಿಮ್ಮ ಹತ್ರ ಬಂದೆ. ವಿಷಯ ಹೇಳಿದ್ರೆ ನೀವು ಕರುಣೆಯಿಂದ ಏನಾದ್ರೂ ಹೆಚ್ಚುಕಮ್ಮಿ ಮಾಡ್ತೀರಿ ಅಂತ ಬಾಯಿ ಬಿಡ್ಲಿಲ್ಲ. ತೊಟ್ಟಿಯಲ್ಲಿ ನೀರು ತುಂಬಿಸಿ ನೂರಾರು ಸಲ ಎಳೆದು ನೋಡ್ದೆ. ಒಂದು ಸಲವೂ ಸಿಕ್ಕಿಕೊಳ್ಲಿಲ್ಲ. ಬೆಣ್ಣೆ ಹಾಗೆ ತಿರುಗ್ತು."

ಇವರು ಎತ್ತರಿಸಿದ ಗೂಟ ನನಗೆ ನೆನಪಾಯಿತು. ಇವರ ಮುಖ ಬಿಳಿಚಿಕೊಂಡಿತ್ತು.

ಕ್ಯಾಪ್ಟನ್ ಅದನ್ನು ಗಮನಿಸಲಿಲ್ಲ. "ಮಾರನೇ ದಿನವೇ ಅವನ ಮನೆಗೆ ಹೋದೆ. ನನ್ನಿಂದ್ಲೇ ತಪ್ಪಾಯ್ತು ಕಣೋ ಅಂದೆ. ಅವನು ಅತ್ತ, ನಾನೂ ಅತ್ತೆ. ಈಗ ದಿನಾ ಬರ್ತಾನೆ. ನನ್ನ ಹೆಂಡತಿ ಮನೇಲಿ ಹಾಡು ಗುನುಗೋದನ್ನ ನಾನು ಮರ್ತೇ ಬಿಟ್ಟಿದ್ದೆ. ನೀವು ನಕ್ಷೆಯಲ್ಲಿದ್ದ ಹಾಗೇ ಮಾಡ್ಕೊಟ್ರಿ, ಸತ್ಯ ಗೊತ್ತಾಯ್ತು. ಅವನೂ ನಿಮಗೆ ನಮಸ್ಕಾರ ಹೇಳ್ಬೇಕಂತೆ. ಕೆಳಗೆ ಸುಧಾರಿಸ್ಕೊಂಡು ನಿಧಾನಕ್ಕೆ ಮೆಟ್ಟಿಲು ಹತ್ತಿ ಬರ್ತಾನೆ, ಕೈ ಕೊಡೋಕೆ ಹೋದ್ರೆ ಬೇಡ ಅಂದ."

ನಾನು ಇವರ ಪಾದವನ್ನು ನನ್ನ ಪಾದದಿಂದ ಒತ್ತಿದೆ. ನಮ್ಮ ಮದುವೆಯಾದಾಗಿನಿಂದ ಆ ಒತ್ತಿಗೆ ಒಂದೇ ಅರ್ಥ, ಬಾಯಿಗೆ ಬೀಗ. ಸುಖವಾಗಿದ್ದಾರೆ, ಇದ್ದುಬಿಡಲಿ. ನನಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಇವರು ಕಾಲನ್ನು ಹಿಂದಕ್ಕೆಳೆದುಕೊಂಡರು.

"ಸಾರ್, ನಾನು ನಕ್ಷೆಯಲ್ಲಿದ್ದ ಹಾಗೆ ಮಾಡ್ಲಿಲ್ಲ."

ಕ್ಯಾಪ್ಟನ್ ನಕ್ಕರು. ಇದೂ ಒಂದು ವಿನಯ ಎಂದುಕೊಂಡರೋ ಏನೋ.

"ಎಡಗಡೆ ಗೂಟ ಗಿಡ್ಡ ಇತ್ತು. ಸಿಕ್ಕಿಕೊಳ್ಳುತ್ತೆ ಅಂತ ನೋಡಿದ ತಕ್ಷಣ ಗೊತ್ತಾಯ್ತು. ಎತ್ತರ ಮಾಡಿಬಿಟ್ಟೆ. ನಿಮಗೆ ಹೇಳ್ಲಿಲ್ಲ. ಯಾರಿಗೂ ಹೇಳಲ್ಲ ನಾವು."

ಕ್ಯಾಪ್ಟನ್ ಹಣ್ಣಿನ ಚೀಲದ ತಳದಿಂದ ಚುಕ್ಕಾಣಿಯನ್ನು ತೆಗೆದು ಮೇಜಿನ ಮೇಲಿಟ್ಟು, "ತೋರ್ಸಿ," ಎಂದರು.

ಇವರು ಗೂಟ ಬಿಚ್ಚಿ ಲೇತಿಗೆ ಕಟ್ಟಿ, ನಕ್ಷೆಯ ಅಳತೆಗೆ ಇಳಿಸಿ, ಮತ್ತೆ ಕೂರಿಸಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳತೊಡಗಿತ್ತು. ಕ್ಯಾಪ್ಟನ್ ತೋಳನ್ನು ಬೆರಳಲ್ಲಿ ಹಿಡಿದು ಎಡಕ್ಕೆ ಎಳೆದರು. ಟಕ್ ಎಂದಿತು. ಈಚೆಗೆ ಎಳೆದರು, ಬರಲಿಲ್ಲ. ಇನ್ನೂ ಜೋರಾಗಿ ಎಳೆದರು. ಚುಕ್ಕಾಣಿ ಕದಲಲಿಲ್ಲ.

"ಹೀಗೇ," ಎಂದರು. "ಅವತ್ತು ಹೀಗೇ ಆಗಿದ್ದು. ಇದೇ ಸದ್ದು." ಅವರ ಕಣ್ಣು ತುಂಬಿತು. ಬೆನ್ನು ಮೊದಲಿನಂತೆ ನೆಟ್ಟಗಾಯಿತು. ಹತ್ತು ವರ್ಷ ಒಬ್ಬರೂ ನಂಬದ ಮಾತನ್ನು ಒಂದು ಹಿತ್ತಾಳೆ ತುಂಡು ಹೌದು ಎಂದಿತ್ತು. ಅವರಿಗಾಗಿ ನನಗೆ ನಿಜಕ್ಕೂ ಖುಷಿಯಾಯಿತು, ಅದರ ಬೆನ್ನಿಗೇ ಹೆದರಿಕೆಯೂ ಆಯಿತು.

ಬಾಗಿಲಲ್ಲಿ ಭಾವಮೈದ ಕಾಣಿಸಿಕೊಂಡರು. ದುಂಡುಮುಖದ, ಬೆವರಿದ ಮನುಷ್ಯ. ಊರುಗೋಲನ್ನು ಚೌಕಟ್ಟಿಗೆ ಒರಗಿಸಿ ಉಸಿರು ಬಿಟ್ಟರು.

"ಅಬ್ಬಾ, ಇವ್ರ ಮೆಟ್ಟಿಲೋ! ಇವ್ರೇನಾ ಭಾವ, ನಿಮ್ಮ ಬಾಯಿಂದ ಆ ಮಾತು ಹೊರಡಿಸಿದೋರು? ಇವ್ರಿಗೆ ಒಂದು ಸನ್ಮಾನವೇ ಮಾಡ್ಬೇಕು. ಏನು, ಯಾಕೆ ಎಲ್ರೂ ಹೀಗೆ ನಿಂತಿದೀರಿ?"

ಕ್ಯಾಪ್ಟನ್ ಚುಕ್ಕಾಣಿಯನ್ನು ಮುಷ್ಟಿಯೊಳಗೆ ತೆಗೆದುಕೊಂಡರು. ಭಾವಮೈದನ ಮುಖ ನೋಡಿದರು, ಮಡಿಸಿ ಹೊಲಿದ ಪ್ಯಾಂಟಿನ ಕಾಲು ನೋಡಿದರು. ಹೇಳುತ್ತಾರೆ ಎಂದುಕೊಂಡೆ. ನಾನಾಗಿದ್ದರೆ ಹೇಳಿಯೇ ಬಿಡುತ್ತಿದ್ದೆ, ಇಷ್ಟು ವರ್ಷದ ಅವಮಾನವನ್ನೆಲ್ಲ ಒಂದೇ ಉಸಿರಿಗೆ ಕಕ್ಕಿಬಿಡುತ್ತಿದ್ದೆ.

"ಏನಿಲ್ಲ ಕಣೋ," ಎಂದರು. "ಇನ್ನೊಂದು ಸಲ ನೋಡಿ ಅಂತ ಇವ್ರನ್ನ ಕೇಳ್ದೆ. ಚುಕ್ಕಾಣಿಯಲ್ಲಿ ಏನೂ ಐಬಿಲ್ವಂತೆ. ನನ್ನ ಕೈಯೇ ತಪ್ಪಿದ್ದು."

"ಅದನ್ನೇ ಎಷ್ಟು ಸಲ ಹೇಳ್ತೀರಾ, ಬಿಡಿ ಭಾವ. ನಾನು ಮರ್ತಾಯ್ತು."

ಇವರು ಬಾಯಿ ತೆರೆದರು. ಅಳತೆಯ ವಿಷಯದಲ್ಲಿ ಈ ಮನುಷ್ಯ ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿದವರಲ್ಲ. ನಾನು ಈ ಸಲ ಪಾದ ಒತ್ತಲಿಲ್ಲ. ಕ್ಯಾಪ್ಟನ್ ಇವರ ಕಡೆ ತಿರುಗಿ ಬಹಳ ಮೆಲ್ಲಗೆ ಕೇಳಿದರು:

"ಅಲ್ವಾ ಮೇಸ್ತ್ರಿಗಳೇ?"

ಲೇತ್ ಇನ್ನೂ ತಿರುಗುತ್ತಿತ್ತು. ಇವರು ಕೈ ಚಾಚಿ ಅದನ್ನು ನಿಲ್ಲಿಸಿದರು.

"ಹೌದು," ಎಂದರು. "ನಕ್ಷೆಯಲ್ಲಿದ್ದ ಹಾಗೇ ಇದೆ. ಚೆನ್ನಾಗಿ ತಿರುಗುತ್ತೆ."